ಚಕಮಕಿ ಕೋವಿಯೂ ಗುರಿಯ ವಿದ್ಯೆಯೂ

ಹೊರನಾಡಿಗೆ ಬಂದ ಕನ್ನಡಿಗನು ಊರಿನಿಂದ ತರುವ ಸಾಮಾನು ಕಡಮೆ, ನೆನಪು ಹೆಚ್ಚು. ನರೋಡಾದಲ್ಲಿ ನಮ್ಮವರಾದ ಕೊಡಗಿನ ಕುಟುಂಬವೊಂದರ ಮನೆಯ ಗೋಡೆಯಲ್ಲಿ ಹಳೆಯ ಪಟವೊಂದಿದೆ. ಕುಪ್ಯ ತೊಟ್ಟು, ಚೇಲೆ ಬಿಗಿದ ಅಜ್ಜನೊಬ್ಬನು ಕೋವಿ ಹಿಡಿದು ನಿಂತಿದ್ದಾನೆ. ಇಲ್ಲಿಯೇ ಹುಟ್ಟಿದ ಮಗುವೊಂದು ಅದನ್ನು ನೋಡಿ, “ಅಜ್ಜ ಯಾರನ್ನು ಹೊಡೆದರು?” ಎಂದು ಕೇಳಿತು. ದೊಡ್ಡವರಾದ ನಾವು ಉತ್ತರಕ್ಕೆ ತಡವರಿಸಿದೆವು. ಆ ಉತ್ತರವನ್ನು ಇತಿಹಾಸದಲ್ಲಿ ಹುಡುಕುವುದೇ ಈ ಬರಹದ ಉದ್ದೇಶ.

ನಮ್ಮ ದೇಶದಲ್ಲಿ ಮೊದಲು ಬಳಕೆಯಲ್ಲಿದ್ದುದು ಬತ್ತಿಯ ಕೋವಿ. ಮಳೆಗೆ ಬತ್ತಿ ಆರಿತೆಂದರೆ ಕೋವಿಯೂ ಮೂಕವಾಗುತ್ತಿತ್ತು. ಆಮೇಲೆ ಬಂದ ಕೋವಿಯಲ್ಲಿ ಬತ್ತಿಯ ಕೆಲಸವನ್ನು ಚಕಮಕಿ ಕಲ್ಲು ಮಾಡಿತು. ಕುದುರೆಯನ್ನು ಎಳೆದೊಡನೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಉದುರಿಸುತ್ತದೆ. ಕಿಡಿಯಿಂದ ಬಟ್ಟಲಿನ ರಂಜಕ ಹೊತ್ತಿಕೊಳ್ಳುತ್ತದೆ. ಆ ಉರಿ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ. ಖಂಭಾತದ ಅಕೀಕನ್ನು ಕಂಡವರಿಗೆ ಈ ಜಾತಿಯ ಕಲ್ಲು ಹೊಸದಲ್ಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಇಂಥ ಕೋವಿಗಳನ್ನು ತಯಾರು ಮಾಡಿಸಿದನು. ಹುಲಿಪಟ್ಟೆಯ ಅಲಂಕಾರವುಳ್ಳ ಹಲವು ಕೋವಿಗಳು 1799ರ ನಂತರ ಇಂಗ್ಲೆಂಡಿಗೆ ಸಾಗಿದವು. ಅದೇ ಟಿಪ್ಪುವಿನ ಸೈನ್ಯವನ್ನು ಕೊಡಗಿನವರು ತಮ್ಮ ಬೆಟ್ಟಕಾಡುಗಳಲ್ಲಿ ಎದುರಿಸಿದರು. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರನು ಅವರ ಮುಂದಾಳಾದನು. 1956ರ ನವೆಂಬರ್ 1ರಂದು ಒಂದೇ ರಾಜ್ಯದವರಾದ ನಾವು ಆ ಕಹಿಯನ್ನು ಮುಚ್ಚಿಡಬೇಕಾಗಿಲ್ಲ, ಕೆದಕಬೇಕಾಗಿಯೂ ಇಲ್ಲ.

ಆ ಕಾಲದ ಕೋವಿಯಲ್ಲಿ ಗುರಿ ಸುಲಭದ್ದಾಗಿರಲಿಲ್ಲ. ನಯವಾದ ನಳಿಗೆಯಲ್ಲಿ ಸಡಿಲವಾಗಿ ಕುಳಿತ ಗುಂಡು ನೂರು ಗಜ ಹೋಗುವಷ್ಟರಲ್ಲಿ ದಾರಿ ತಪ್ಪುತ್ತಿತ್ತು. ರೈಫಲಿನ ನಳಿಗೆಯಲ್ಲಿ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಲೇತಿನ ಮುಂದೆ ದುಡಿಯುವ ನಮ್ಮ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಡ್ಡು ಸವರಿದ ಬಟ್ಟೆಯ ತುಂಡಿನೊಡನೆ ಗುಂಡನ್ನು ಬಿಗಿಯಾಗಿ ಇಳಿಸಿದರೆ ಅದು ಗೀರಿನ ಹಿಡಿತಕ್ಕೆ ಸಿಕ್ಕಿ, ಬುಗುರಿಯಂತೆ ತಿರುಗುತ್ತ ನೇರವಾಗಿ ಸಾಗುತ್ತದೆ. ಪ್ರತಿಸಲವೂ ಮದ್ದಿನ ಅಳತೆ ಒಂದೇ ಇರಬೇಕು. ನಳಿಗೆಯ ಮಸಿಯನ್ನು ಒರೆಸಬೇಕು. ಕಲ್ಲಿನ ಅಂಚು ಹರಿತವಾಗಿಯೂ ರಂಜಕವು ಒಣಗಿಯೂ ಇರಬೇಕು.

ಇಷ್ಟಾದರೂ ಸಾಲದು. ಕುದುರೆ ಎಳೆಯುವುದಕ್ಕೂ ಗುಂಡು ಹೊರಡುವುದಕ್ಕೂ ನಡುವೆ, ಕಣ್ಣಿನ ಹತ್ತಿರವೇ ಬೆಂಕಿ ಭುಗಿಲೆನ್ನುವ ಕ್ಷಣವೊಂದಿದೆ. ಆಗ ಬೆಚ್ಚಿದವನ ಗುರಿ ಕೆಟ್ಟಿತು. ಸದ್ದಾದ ಮೇಲೂ ಗುರಿಯಿಂದ ಕಣ್ಣು ಕೀಳದೆ ನಿಂತವನಿಗೇ ಈ ವಿದ್ಯೆ ಒಲಿಯುತ್ತಿತ್ತು.

1840ರ ಸುಮಾರಿಗೆ ಕೇಪಿನ ಕೋವಿ ಬಂದು ಚಕಮಕಿಯು ಮೂಲೆ ಸೇರಿತು. ಆದರೆ ಕೊಡಗಿನಲ್ಲಿ ಕೋವಿಯ ಮೇಲಿನ ಗೌರವ ಉಳಿಯಿತು. 1861ರಲ್ಲಿ ಬ್ರಿಟಿಷರು ಕೊಡಗಿನವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದಲ್ಲಿಯೂ ಅದು ಮುಂದುವರಿದಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು; ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಮತ್ತೊಂದು. ಸೆಪ್ಟೆಂಬರಿನ ಕೈಲ್ ಪೊಳ್ದಿನಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯವಾಡುತ್ತಾರೆ.

ಆದುದರಿಂದ ಮಗುವಿಗೆ ಹೀಗೆ ಹೇಳೋಣ: “ನಿನ್ನ ಅಜ್ಜನ ಹಿರಿಯರು ಯುದ್ಧ ಮಾಡಿದ್ದು ನಿಜ. ಅವರ ಕೋವಿ ಹಬ್ಬಕ್ಕೂ ಸುಗ್ಗಿಗೂ ಹುಟ್ಟುಸಾವಿಗೂ ದನಿ ಕೊಟ್ಟುದೂ ನಿಜ. ಬೆಂಕಿ ಭುಗಿಲೆಂದಾಗಲೂ ಕೈ ನಡುಗದಂತೆ ನಿಲ್ಲುವುದನ್ನು ಅವರು ಕಲಿತಿದ್ದರು.” ನರೋಡಾದಲ್ಲಿ ನಮಗೆ ಕೋವಿ ಬೇಕಾಗಿಲ್ಲ. ಹಾಗೆ ನಿಲ್ಲುವುದನ್ನು ಮಾತ್ರ ನಮ್ಮ ಮಕ್ಕಳೂ ಕಲಿಯಲಿ. ಆ ಪಟದ ಕಥೆಯನ್ನು ಅವರಿಗೆ ಕನ್ನಡದಲ್ಲಿಯೇ ಹೇಳುವ ಹೊಣೆ ನಮ್ಮದಾಗಿರಲಿ.