ಒಂದು ಅಂಕದ ಪ್ರಶ್ನೆಗಳಲ್ಲಿ ನಮ್ಮ ಸೀಮೆ



'ಸಾಮಾನ್ಯ ಜ್ಞಾನ' ಎಂಬ ಹೆಸರಿನ ಪುಸ್ತಕಗಳು ನಮ್ಮ ಕಡೆಯ ಬಸ್ ನಿಲ್ದಾಣಗಳ ಅಂಗಡಿಗಳಲ್ಲಿಯೂ ದೊರೆಯುತ್ತವೆ. ನೌಕರಿಯ ಪರೀಕ್ಷೆಗೆ ಕೂಡುವ ತರುಣರು ಅವುಗಳನ್ನು ಬಾಯಿಪಾಠ ಮಾಡುತ್ತಾರೆ. 2012ರಲ್ಲಿ ಪುನೀತ್ ರಾಜಕುಮಾರ್ ಅವರು 'ಕನ್ನಡದ ಕೋಟ್ಯಧಿಪತಿ'ಯನ್ನು ನಡೆಸಿಕೊಡಲಾರಂಭಿಸಿದ ಮೇಲಂತೂ ಮನೆಯ ಹಿರಿಯರೂ ಟಿ.ವಿ. ಮುಂದೆ ಕುಳಿತು ಉತ್ತರ ಹೇಳತೊಡಗಿದರು. ಈ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಒಂದು ಶಬ್ದದ ಉತ್ತರ ಸಿಕ್ಕೊಡನೆ ನಾವು ಮುಂದಿನ ಪ್ರಶ್ನೆಗೆ ಸಾಗಿಬಿಡುತ್ತೇವೆ, 'ಏಕೆ?' ಎಂದು ಕೇಳಲು ಮರೆಯುತ್ತೇವೆ. ಇಂಥ ಪುಸ್ತಕಗಳಲ್ಲಿ ನಮ್ಮ ಸವಡಿಯ ಆಸುಪಾಸಿನ ಊರುಗಳ ಹೆಸರುಗಳೂ ಬರುತ್ತವೆ. ಅಂಥ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಮೊದಲನೆಯದು: ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯ ರಾಜಕುಮಾರಿ ಯಾರು? ಉತ್ತರ, ಅಕ್ಕಾದೇವಿ. ಈಕೆ ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಸಹೋದರಿ. ರೋಣ ಮತ್ತು ಗಜೇಂದ್ರಗಡಗಳ ನಡುವಿನ ಸೂಡಿ ಆ ನಾಡಿನ ಮುಖ್ಯ ಪಟ್ಟಣವಾಗಿತ್ತು. ಅಲ್ಲಿಯ ಜೋಡುಕಳಸದ ಗುಡಿ, ನಾಗಕುಂಡಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. 'ಗುಣದ ಬೆಡಂಗಿ' ಎಂಬ ಬಿರುದಿದ್ದ ಅಕ್ಕಾದೇವಿ 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಆಕೆಯನ್ನು ಅಪವಾದವೆಂದು ಭಾವಿಸುವುದು ಸಲ್ಲದು. ಒಂದನೆಯ ಸೋಮೇಶ್ವರನ ರಾಣಿಯರಾದ ಮೈಲಲದೇವಿ ಬನವಾಸಿಯನ್ನೂ, ಕೇತಲದೇವಿ ಪೊನ್ನವಾಡವನ್ನೂ ಆಳುತ್ತಿದ್ದರು. ಅರಮನೆಯ ಸ್ತ್ರೀಯರಿಗೆ ಆಡಳಿತ ವಹಿಸುವುದು ಆ ಕಾಲದ ಪದ್ಧತಿಯೇ ಆಗಿತ್ತು.

ಎರಡನೆಯದು: ಗದುಗಿನ ಭಾರತವನ್ನು ಬರೆದವರು ಯಾರು? ಕುಮಾರವ್ಯಾಸ, ಅಂದರೆ ಕೋಳಿವಾಡದ ನಾರಣಪ್ಪ. ಇಲ್ಲಿಗೆ ಅಂಕ ಸಿಕ್ಕಿತು. ಆದರೆ ಮಹಾಭಾರತಕ್ಕೆ ಪರ್ವಗಳು ಹದಿನೆಂಟು, ಆತ ಬರೆದದ್ದು ಹತ್ತು. ಉಳಿದವನ್ನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದನು. ಒಬ್ಬನ ಹೆಸರನ್ನು ಕಂಠಪಾಠ ಮಾಡುವಾಗ ಆ ಭಾರವನ್ನು ಹೊತ್ತು ದಡ ಸೇರಿಸಿದ ಇನ್ನೊಬ್ಬನನ್ನು ಮರೆಯಬಾರದು.

ಮೂರನೆಯದು: 1787ರ ಗಜೇಂದ್ರಗಡದ ಒಪ್ಪಂದ ಯಾರ ನಡುವೆ ಆಯಿತು? ಮರಾಠರು ಮತ್ತು ಟೀಪು ಸುಲ್ತಾನನ ನಡುವೆ. ಆ ಯುದ್ಧಕ್ಕೆ ಕಿಡಿ ಹೊತ್ತಿದ್ದು ನರಗುಂದದಲ್ಲಿ. ಹೆಚ್ಚಿನ ಕಪ್ಪದ ಬೇಡಿಕೆಯಿಂದ ವೈಮನಸ್ಯ ಬೆಳೆದು, 1785ರಲ್ಲಿ ಟೀಪುವಿನ ಸೈನ್ಯ ಆ ಕೋಟೆಯನ್ನು ಮುತ್ತಿತು. ಒಪ್ಪಂದದಂತೆ ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರ ಕಡೆಗೆ ಸಂದವು. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಸಣ್ಣ ಸಂಸ್ಥಾನದ ಪಾಡು ಹೇಗಿರುತ್ತದೆಂಬುದಕ್ಕೆ ನರಗುಂದವೇ ಸಾಕ್ಷಿ.

ನಾಲ್ಕನೆಯ ಪ್ರಶ್ನೆಯೂ ಅದೇ ಊರಿನದು: 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಅರಸ ಯಾರು? ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಮಕ್ಕಳಿಲ್ಲದ ಆತನಿಗೆ ದತ್ತು ಸ್ವೀಕರಿಸಲು ಕಂಪನಿ ಸರಕಾರ ಅನುಮತಿ ನೀಡಲಿಲ್ಲ; ಮೇಲಾಗಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಹದಿನೈದು ದಿನಗಳೊಳಗೆ ಒಂದು ಸಂಸ್ಥಾನವೇ ಅಳಿದುಹೋಯಿತು.

ಐದನೆಯದು: ನಮ್ಮ ದೇಶದ ಸಹಕಾರ ಚಳವಳಿಯಲ್ಲಿ ಗದಗ ಸೀಮೆಯ ಯಾವ ಹಳ್ಳಿ ಪ್ರಸಿದ್ಧ? ಕಣಗಿನಹಾಳ. ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಅಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. 'ಏಷ್ಯಾದಲ್ಲಿಯೇ ಮೊದಲನೆಯದು' ಎಂದು ಪುಸ್ತಕಗಳು ಬರೆಯುತ್ತವೆ. ತಮಿಳುನಾಡಿನ ತಿರೂರಿನವರು ತಮ್ಮ ಸಂಘ 1904ರದೆಂದು ಹೇಳುತ್ತಾರೆ. 'ಮೊದಲು' ಯಾರೆಂಬ ವಾದಕ್ಕಿಂತ 'ಏಕೆ' ಎಂಬುದು ದೊಡ್ಡದು. ಸಾಹುಕಾರರ ಬಡ್ಡಿಗೆ ಬೇಸತ್ತ ಪುಣೆ, ಅಹಮದನಗರಗಳ ರೈತರು 1875ರಲ್ಲಿ ಸಾಲಪತ್ರಗಳನ್ನು ಸುಟ್ಟಿದ್ದರು. ಜರ್ಮನಿಯಲ್ಲಿ ರೈಫೈಸನ್ ಎಂಬುವರು ಹಳ್ಳಿಗರು ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯುವ ದಾರಿ ತೋರಿದ್ದರು. ಇವೆಲ್ಲದರ ಫಲವಾಗಿ 1904ರ ಕಾಯ್ದೆ ಬಂತು, ಮರುವರ್ಷವೇ ನಮ್ಮ ಹಳ್ಳಿಯೊಂದು ಅದನ್ನು ಬಳಸಿಕೊಂಡಿತು.

ಇಷ್ಟರ ನಡುವೆ ಸಂಗೀತಪ್ರಿಯರಿಗಾಗಿ ಒಂದು ಮಾತು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಬಂದ 'ಮಿಲೇ ಸುರ್ ಮೇರಾ ತುಮ್ಹಾರಾ' ಗೀತೆ ಪಂಡಿತ ಭೀಮಸೇನ ಜೋಶಿಯವರ ದನಿಯಿಂದ ಆರಂಭವಾಗುತ್ತದೆ. 1922ರಲ್ಲಿ ಜನಿಸಿ, 2008ರಲ್ಲಿ ಭಾರತರತ್ನರಾದ ಅವರ ಜನ್ಮಸ್ಥಳ ರೋಣವೆಂದು ಕೆಲವು ಪುಸ್ತಕಗಳು, ಗದಗವೆಂದು ಕೆಲವು ಹೇಳುತ್ತವೆ. ನನಗೆ ಹೆಚ್ಚು ಪ್ರಿಯವಾದದ್ದು ಬೇರೊಂದು ಸಂಗತಿ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಭಜನೆಯ ಮೇಳಗಳ ಬೆನ್ನುಹತ್ತಿ ಹೋಗಿ ಎಲ್ಲಿಯಾದರೂ ಮಲಗಿಬಿಡುತ್ತಿದ್ದ ಬಾಲಕನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಅವರು ಬರೆಯಿಸಿದ್ದರಂತೆ.

ಆರನೆಯ ಪ್ರಶ್ನೆಗೆ ಬರೋಣ: ನರಗುಂದದ ರೈತ ಬಂಡಾಯ ಯಾವಾಗ ನಡೆಯಿತು? 1980ರ ಜುಲೈ 21ರಂದು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ, ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರಕಾರ 'ಬೆಟರ್‌ಮೆಂಟ್ ಲೆವಿ' ಎಂಬ ಕರ ವಿಧಿಸಿತ್ತು. ಕಾಲುವೆಯ ನೀರು ಸರಿಯಾಗಿ ಬಾರದೆ, ಹತ್ತಿಗೆ ಬೆಲೆಯೂ ಸಿಗದೆ ಇದ್ದ ರೈತರು ಆ ಕರವನ್ನು ವಿರೋಧಿಸಿದರು. ಗೋಲಿಬಾರಿನಲ್ಲಿ ರೈತರ ಪ್ರಾಣಗಳು ಹೋದವು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಸ್ಥಾಪನೆಯಾಯಿತು. 1983ರ ಚುನಾವಣೆಯಲ್ಲಿ ಅಂದಿನ ಆಡಳಿತ ಪಕ್ಷ ಅಧಿಕಾರ ಕಳೆದುಕೊಂಡಿತು.

ಕಪ್ಪ, ದತ್ತು, ಸಾಲ, ಕರ: ಇವುಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿರುವ ಉತ್ತರಗಳೆಲ್ಲ ಈ ಎರೆಭೂಮಿಯ ಬೆಳೆಯಲ್ಲಿ ಯಾರಿಗೆ ಎಷ್ಟು ಪಾಲು, ಇಲ್ಲಿಯ ಮಾತು ಯಾರದು ಎಂಬ ಒಂದೇ ವ್ಯಾಜ್ಯದ ಅಧ್ಯಾಯಗಳು. ಇಸವಿಗಳು ಈಗ ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತವೆ. 1980ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದು ಆ ದಿನವನ್ನು ಕಣ್ಣಾರೆ ಕಂಡವರು ಇಂದು ಅರವತ್ತು ದಾಟಿದ್ದಾರೆ. ಅವರ ನೆನಪು ಯಾವ ಪುಸ್ತಕದಲ್ಲಿಯೂ ಸಿಗದು. ನಿಮ್ಮ ಮನೆಯಲ್ಲಿ ಅಂಥ ಅಜ್ಜನೋ ದೊಡ್ಡಪ್ಪನೋ ಇದ್ದರೆ, ಹಳೆಯ ಕರದ ನೋಟೀಸು, ಸೊಸಾಯಿಟಿಯ ಪಾಸ್‌ಬುಕ್ ಉಳಿದಿದ್ದರೆ, ಈ ವಾರವೇ ಅವರ ಬಳಿ ಕುಳಿತು ಕೇಳಿ ಬರೆದಿಡಿರಿ. ಮಕ್ಕಳು ನಾಳೆ ಒಂದು ಅಂಕದ ಉತ್ತರವನ್ನು ಕಲಿಯುವಾಗ, 'ಏಕೆ?' ಎಂದರೆ ಹೇಳಲು ಮನೆಯಲ್ಲಿ ಏನಾದರೂ ಇರಲಿ.