ಲೆಕ್ಕದೊಳಗಿನ ಇತಿಹಾಸ, ಭಾಗ 6: ಚಿಲಿಯ ಸಾಲ್ಮನ್ ಮೀನಿಗೆ ಬಂದ ವೈರಸ್

ಫ್ರೆಂಡ್ಸ್, ಈ ವಾರ ಮೀನಿನ ಕಥೆ. ಆದ್ರೆ ನಮ್ಮ ಕಾಮರ್ಸ್‌ನವರು ಓದಲೇಬೇಕಾದ ಕಥೆ 🐟

1984ರಲ್ಲಿ ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಹೊಸ ಕಾಯಿಲೆ ಕಾಣಿಸಿಕೊಳ್ತು. ಮೀನಿನ ಕಿವಿರು ಬಿಳಚಿಕೊಳ್ಳುತ್ತೆ, ಒಳಗಿನ ಅಂಗಗಳಲ್ಲಿ ರಕ್ತ ಸೋರುತ್ತೆ, ಮೀನು ಸಾಯುತ್ತೆ. ಹೆಸರು ಸಾಂಕ್ರಾಮಿಕ ಸಾಲ್ಮನ್ ರಕ್ತಹೀನತೆ. ಕಾರಣ ನಮ್ಮ ಫ್ಲೂ ವೈರಸ್‌ನ ಕುಟುಂಬಕ್ಕೇ ಸೇರಿದ ಒಂದು ವೈರಸ್. ಮನುಷ್ಯರಿಗೆ ಅಂಟಲ್ಲ. ಆದ್ರೆ ಅವರ ಹೊಟ್ಟೆಪಾಡಿಗೆ ಅಂಟುತ್ತೆ.

1990ರಲ್ಲಿ ನಾರ್ವೆಯಲ್ಲಿ ಒಂದೇ ವರ್ಷ ಸುಮಾರು 80 ಕಡೆ ರೋಗ ಬಂತು. ಲಸಿಕೆ ಇರಲಿಲ್ಲ, ಹಾಗಾಗಿ ನಿಯಮ ಬಿಗಿ ಮಾಡಿದ್ರು. ರೋಗ ಬಂದ ಕಡೆ ಮೀನೆಲ್ಲ ಖಾಲಿ ಮಾಡಬೇಕು. ಮೀನು ಕೊಯ್ದ ರಕ್ತದ ನೀರನ್ನು ಶುದ್ಧ ಮಾಡದೆ ಸಮುದ್ರಕ್ಕೆ ಬಿಡಬಾರದು. ಚಿಕ್ಕ ಮೀನು, ದೊಡ್ಡ ಮೀನು ಒಟ್ಟಿಗೆ ಸಾಕಬಾರದು. 1994ರಲ್ಲಿ ಹೊಸ ಪ್ರಕರಣ ಬರೀ 2!

ಅಂದ್ರೆ ಪಾಠ ಆಗಲೇ ಎಲ್ಲರ ಕಣ್ಣಮುಂದೆ ಇತ್ತು.

ಈಗ ಚಿಲಿಗೆ ಬನ್ನಿ. ಸಾಲ್ಮನ್ ಅಲ್ಲಿನ ಮೂಲ ಮೀನೇ ಅಲ್ಲ. ಹೊರದೇಶದಿಂದ ಮೊಟ್ಟೆ ತರಿಸಿ ಸಾಕಿ, ನಾರ್ವೆ ಬಿಟ್ರೆ ಜಗತ್ತಿಗೇ ಎರಡನೇ ಸ್ಥಾನಕ್ಕೆ ಬಂದಿತ್ತು ಆ ದೇಶ. ಪಂಜರದ ಪಕ್ಕ ಪಂಜರ, ಒಳಗೆ ಕಿಕ್ಕಿರಿದ ಮೀನು. 2007ರ ಜುಲೈನಲ್ಲಿ ಚಿಲೋಯೆ ದ್ವೀಪಗಳ ಕಡೆ ಇದೇ ವೈರಸ್ ಪತ್ತೆಯಾಯ್ತು. 2010ರ ಹೊತ್ತಿಗೆ ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆ ಮೂರನೇ ಒಂದು ಭಾಗಕ್ಕೆ ಕುಸಿಯಿತು. ಮೀನು ಸಂಸ್ಕರಣೆ ಮಾಡೋ ಘಟಕಗಳಲ್ಲಿ ದುಡೀತಿದ್ದ ಸಾವಿರಾರು ಗಂಡಸರು, ಹೆಂಗಸರು ಕೆಲಸ ಕಳ್ಕೊಂಡ್ರು.

ಲೆಕ್ಕ ತಪ್ಪಿದ್ದೆಲ್ಲಿ? ಜಾಸ್ತಿ ಮೀನು ತುಂಬಿದ್ರೆ ಬರೋ ಲಾಭ ಆ ಕಂಪನಿಯ ಪುಸ್ತಕಕ್ಕೆ. ಅದರಿಂದ ಹರಡೋ ರೋಗದ ಖರ್ಚು ಪಕ್ಕದವರ ಪುಸ್ತಕಕ್ಕೆ. ಎಕನಾಮಿಕ್ಸ್‌ನಲ್ಲಿ ಓದ್ತೀವಲ್ಲ, ಎಕ್ಸ್‌ಟರ್ನಾಲಿಟಿ ಅಂತ, ಅದೇ ಇದು. ಪಂಜರ ಬೇರೆ ಬೇರೆ ಆದ್ರೂ ನೀರು ಒಂದೇ.

2010ರಲ್ಲಿ ಚಿಲಿ ಕಾನೂನು ಬದಲಿಸ್ತು. ಅಕ್ಕಪಕ್ಕದ ಸಾಕಣೆಗಳನ್ನೆಲ್ಲ ಒಂದು ಗುಂಪು ಮಾಡಿ, ಎಲ್ಲರೂ ಒಟ್ಟಿಗೇ ಖಾಲಿ ಮಾಡಿ ನೀರಿಗೆ ವಿರಾಮ ಕೊಡಬೇಕು ಅಂತಾಯ್ತು, ನಮ್ಮಲ್ಲಿ ಹೊಲ ಬೀಳು ಬಿಡ್ತಾರಲ್ಲ, ಹಾಗೆ. ಅದೇ ಕಾನೂನು ಸಮುದ್ರದಲ್ಲಿ ಮೀನು ಸಾಕೋ ಹಕ್ಕನ್ನು ಬ್ಯಾಂಕಿಗೆ ಅಡ ಇಡೋಕೂ ಅವಕಾಶ ಕೊಡ್ತು.

ಸಾಲ ಕೊಟ್ಟವರಿಗೆ ಭದ್ರತೆ ಸಿಕ್ತು. ಸಂಬಳ ನಿಂತವರ ನಷ್ಟ ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಬರುತ್ತೆ? ನಿಮಗೇನನ್ಸುತ್ತೆ, ಕಮೆಂಟ್ ಮಾಡಿ 👇

#ಲೆಕ್ಕದೊಳಗಿನಇತಿಹಾಸ #ಬಿಕಾಂ #ಕನ್ನಡ