ಅಸೃಗ್ದರ ಮತ್ತು ಉದಾವರ್ತಿನಿ: ವೈದ್ಯ ಹಸ್ತಪ್ರತಿಗಳನ್ನು ಓದುವ ಬಗೆ

ಕುಂದಾಪುರದ ದಕ್ಷಿಣಕ್ಕಿರುವ ಕೋಟೇಶ್ವರವು ಕೋಟಿಲಿಂಗೇಶ್ವರ ದೇವಾಲಯದಿಂದಲೂ ಕೋಟಿತೀರ್ಥವೆಂಬ ವಿಶಾಲವಾದ ಕೆರೆಯಿಂದಲೂ ಪ್ರಸಿದ್ಧವಾದ ಪುರಾತನ ಕ್ಷೇತ್ರ. ಇದರ ಆಸುಪಾಸಿನಲ್ಲೇ ಬಾರಕೂರು, ಬಸರೂರುಗಳಿವೆ; ಆಗ್ನೇಯಕ್ಕೆ ವರಂಗ, ಕಾರ್ಕಳ, ಮೂಡಬಿದಿರೆಗಳ ಬಸದಿಗಳ ಸಾಲು. ಕಡಲತಡಿಯ ಈ ಸೀಮೆಯ ವೈದ್ಯಪರಂಪರೆಯನ್ನು ಅರಿಯಲು ಓಲೆಗರಿಯ ಗ್ರಂಥಗಳೂ ಅಡುಗೆಮನೆಯ ಮದ್ದುಗಳೂ ಸಮಾನವಾಗಿ ಸಹಾಯಕವಾಗಿವೆ. ಸ್ತ್ರೀಯರ ಅತಿರಕ್ತಸ್ರಾವ ಮತ್ತು ಮುಟ್ಟಿನ ನೋವಿನ ಚಿಕಿತ್ಸೆಯಲ್ಲಿ ಈ ಎರಡು ಧಾರೆಗಳು ಕೂಡುವುದು ಸ್ಪಷ್ಟವಾಗಿ ಕಾಣಬರುತ್ತದೆ.

ಪ್ರಾಚೀನ ಶಾಸ್ತ್ರಕಾರರು ಇವೆರಡನ್ನೂ ಪ್ರತ್ಯೇಕವಾಗಿಯೇ ಗುರುತಿಸಿದ್ದರು. ರಕ್ತವು ಮಿತಿಮೀರಿ ಹರಿಯುವುದು, ಋತುಕಾಲವಲ್ಲದಾಗಲೂ ಕಾಣಿಸಿಕೊಳ್ಳುವುದು ಅಸೃಗ್ದರ ಅಥವಾ ಪ್ರದರ. ಇದು ಮೈನೋವು, ವೇದನೆಗಳಿಂದ ಕೂಡಿರುತ್ತದೆಂದೂ, ಉಲ್ಬಣಿಸಿದರೆ ದೌರ್ಬಲ್ಯ, ತಲೆಸುತ್ತು, ಮೂರ್ಛೆ, ಪಾಂಡುತ್ವಗಳು ತಲೆದೋರುತ್ತವೆಂದೂ ಸುಶ್ರುತನು ಹೇಳಿದ್ದಾನೆ. ಚರಕನು ಪ್ರದರವನ್ನು ವಾತ, ಪಿತ್ತ, ಕಫ, ಸನ್ನಿಪಾತಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ರಜಸ್ಸು ಮೇಲ್ಮುಖವಾಗಿ ಕಷ್ಟದಿಂದ ಹೊರಬೀಳುವುದೂ, ಹೊರಬಿದ್ದೊಡನೆ ನೋವು ಶಮನವಾಗುವುದೂ ಅವನ ಮತದಲ್ಲಿ ಉದಾವರ್ತಿನಿಯ ಲಕ್ಷಣ. ಮುಟ್ಟಿನ ನೋವನ್ನು ಹೆಣ್ಣಿನ ಹಣೆಬರಹವೆಂದು ಕೈಬಿಡದೆ, ಚಿಕಿತ್ಸೆಗೆ ಅರ್ಹವಾದ ವ್ಯಾಧಿಯೆಂದು ಪರಿಗಣಿಸಿದುದು ಇಲ್ಲಿ ಗಮನಾರ್ಹ.

ಚಿಕಿತ್ಸಾಕ್ರಮದಲ್ಲಿ ಚರಕನು ಪ್ರದರಕ್ಕೆ ತಂಡುಲೀಯಕದ, ಅಂದರೆ ಹರಿವೆ ಜಾತಿಯ ಗಿಡದ ಬೇರನ್ನು ಜೇನಿನೊಡನೆ ಅಕ್ಕಿ ತೊಳೆದ ನೀರಿನಲ್ಲಿ ಕುಡಿಸಬೇಕೆನ್ನುತ್ತಾನೆ. ಪುಷ್ಯಾನುಗ ಚೂರ್ಣಕ್ಕೂ ಅನುಪಾನ ಜೇನು ಮತ್ತು ತಂಡುಲೋದಕವೇ. ಉದಾವರ್ತಿನಿಗೆ ಸ್ನೇಹ, ಸ್ವೇದ, ದಶಮೂಲ ಹಾಲಿನ ಬಸ್ತಿಗಳೊಡನೆ ಪ್ರಾಣಿಗಳ ಮಾಂಸರಸವನ್ನೂ ವಿಧಿಸುತ್ತಾನೆ. ಜೈನ ವೈದ್ಯನಿಗೆ ಸಮಸ್ಯೆ ಎದುರಾಗುವುದು ಇಲ್ಲಿಯೇ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ, ರೋಗವನ್ನಾದರೋ ನಿವಾರಿಸಲೇಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ಕಲ್ಯಾಣಕಾರಕಕ್ಕೆ ಹಿತಾಹಿತಾಧ್ಯಾಯವನ್ನು ಸೇರಿಸಿ, ಔಷಧದಲ್ಲಿ ಮಾಂಸವು ಅನಗತ್ಯವೆಂದು ವಾದಿಸಿದನು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗಲೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ನಿರೂಪಿಸಿದನು. ಆದುದರಿಂದ ವೈದ್ಯಪ್ರತಿಯೊಂದರಲ್ಲಿ ಪ್ರದರದ ಯೋಗವು ದೊರೆತಾಗ, ಅದರ ಅನುಪಾನವು ಜೇನೋ, ಸಕ್ಕರೆಯೋ, ಹಾಲೋ ಎಂಬುದನ್ನು ಪರಿಶೀಲಿಸುವುದು ಅವಶ್ಯ. ಪ್ರತಿಯು ಯಾವ ಪರಂಪರೆಯ ಕೈಯಲ್ಲಿ ಬೆಳೆಯಿತೆಂಬುದಕ್ಕೆ ಅದು ಒಂದು ಸುಳಿವು.

ಈ ದೃಷ್ಟಿಯಿಂದ ಅಶೋಕದ ತೊಗಟೆಯ ಇತಿಹಾಸವು ಸ್ವಾರಸ್ಯಕರ. ಹನ್ನೊಂದನೆಯ ಶತಮಾನದ ಚಕ್ರದತ್ತನ ಸಂಗ್ರಹದಲ್ಲಿ ಅಶೋಕದ ತೊಗಟೆಯೊಡನೆ ಕಾಯಿಸಿ ಆರಿಸಿದ ಹಾಲನ್ನು ರಕ್ತಪ್ರದರಕ್ಕೆ ಹೇಳಿದೆ. ಇಂದು ಹೆಚ್ಚು ಬಳಕೆಯಲ್ಲಿರುವ ಅಶೋಕಾರಿಷ್ಟವು ಭೈಷಜ್ಯರತ್ನಾವಳಿಯಲ್ಲಿ ಬರುವ ಯೋಗ. ಹುಳಿಬರಿಸಿ ಸಿದ್ಧಪಡಿಸುವುದರಿಂದ ಅದರಲ್ಲಿ ಮದ್ಯಾಂಶವುಂಟು. ಹಾಲಿನ ಯೋಗಕ್ಕೆ ಆ ಆಕ್ಷೇಪವಿಲ್ಲ. ನಿಜವಾದ ಅಶೋಕವು ಪಶ್ಚಿಮಘಟ್ಟದ ಹೊಳೆದಂಡೆಗಳಲ್ಲಿ ಕೆಂಪು-ಕಿತ್ತಳೆ ಹೂಗೊಂಚಲು ಬಿಡುವ ಮರ. ರಸ್ತೆಬದಿಯಲ್ಲಿ ನೆಟ್ಟಗೆ ಬೆಳೆಯುವ, ಅದೇ ಹೆಸರಿನಿಂದ ಕರೆಯಲ್ಪಡುವ ಮರವು ಬೇರೆ ಜಾತಿಯದು. ಅದರ ತೊಗಟೆಯು ಅಂಗಡಿಗಳಲ್ಲಿ ಕಲಬೆರಕೆಯಾಗುವುದುಂಟು. ತಂಡುಲೋದಕವಾದರೋ ಕರಾವಳಿಯ ಪ್ರತಿ ಮನೆಯಲ್ಲಿಯೂ ಇರುವ ಅಕ್ಕಚ್ಚೇ. ಶಾಸ್ತ್ರದ ಅನುಪಾನವು ಜನಜೀವನದಲ್ಲಿ ದನದ ಬಾನಿಗೆ ಸೇರುವ ನೀರಾಗಿದೆ.

ಹಸ್ತಪ್ರತಿಯ ಓದು ಚಿಕಿತ್ಸೆಗೆ ಬದಲಿಯಲ್ಲವೆಂಬುದನ್ನು ಸಂಪಾದಕರು ಮರೆಯಬಾರದು. ಗರ್ಭಾಶಯದ ಗೆಡ್ಡೆ, ಒಳಪದರವು ಅನ್ಯತ್ರ ಬೆಳೆಯುವುದು, ಥೈರಾಯ್ಡ್ ದೋಷ, ರಕ್ತ ಹೆಪ್ಪುಗಟ್ಟದ ದೋಷ—ಇವುಗಳಲ್ಲಿ ಯಾವುದು ಕಾರಣವೆಂಬುದನ್ನು ಪರೀಕ್ಷೆಯೇ ನಿರ್ಣಯಿಸಬೇಕು. ಜಪಾನಿನ ಉತಾಕೊ ಒಕಾಮೊಟೊ ದಂಪತಿಗಳು 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲ ಸ್ರಾವವನ್ನು ತಗ್ಗಿಸುತ್ತದೆ; ಮೆಫೆನಾಮಿಕ್ ಆಮ್ಲ ನೋವನ್ನೂ ಸ್ರಾವವನ್ನೂ ಇಳಿಸುತ್ತದೆ; ಹಾರ್ಮೋನಿನ ಗುಳಿಗೆ, ಗರ್ಭಾಶಯದೊಳಗೆ ಇಡುವ ಹಾರ್ಮೋನ್ ಸಾಧನಗಳೂ ಇವೆ. ಹೀಗಾಗಿ ಗರ್ಭಾಶಯವನ್ನು ತೆಗೆಯುವುದು ಮೊದಲ ಉಪಾಯವಾಗಬೇಕಿಲ್ಲ. ಸುಶ್ರುತನು ಎಚ್ಚರಿಸಿದ ಪಾಂಡುತ್ವವು ಇಂದಿಗೂ ಅಳಿದಿಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 47.8ರಷ್ಟು ಮಂದಿ ರಕ್ತಹೀನರು. ಅತಿಸ್ರಾವವು ಅದರ ಕಾರಣಗಳಲ್ಲೊಂದು.

ಆದುದರಿಂದ ಇಂತಹ ಯೋಗಗಳನ್ನು ಪ್ರಕಟಿಸುವವರು ಪಾಠಾಂತರಗಳನ್ನು ಕೊಡುವುದರೊಡನೆ ಮೂಲಿಕೆಯ ಗುರುತು, ಪ್ರಮಾಣ, ಅನುಪಾನಗಳನ್ನು ಬಲ್ಲ ವೈದ್ಯರಿಂದಲೂ ಸಸ್ಯಶಾಸ್ತ್ರಜ್ಞರಿಂದಲೂ ಪರಿಶೀಲಿಸಿ ಸೇರಿಸುವುದು ಯುಕ್ತ. ಕಾವ್ಯದ ಪ್ರತಿಯಲ್ಲಿ ಒಂದಕ್ಷರ ತಪ್ಪಿದರೆ ಅರ್ಥ ಕೆಡುತ್ತದೆ. ವೈದ್ಯದ ಪ್ರತಿಯಲ್ಲಿ ತಪ್ಪಿದರೆ ಒಬ್ಬಳ ದೇಹ ಕೆಡುತ್ತದೆ.